ಜನವರಿಯ ಸೈಕಲ್ ರೇಸು: ಆಡ್ಸ್ ಪಟ್ಟಿ ಓದುವುದು ಹೇಗೆ?

ಪ್ರಶ್ನೆ: ಮೇಷ್ಟ್ರೇ, ನಾನು ಚಿಕ್ಕಬಳ್ಳಾಪುರದವನು. ಪ್ರತಿ ಭಾನುವಾರ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುತ್ತೇನೆ. ಆಸ್ಟ್ರೇಲಿಯಾದ ಟೂರ್ ಡೌನ್ ಅಂಡರ್, ಯುಎಇ ಟೂರ್, ಪ್ಯಾರಿಸ್–ನೀಸ್, ವರ್ಷದ ಶುರುವಿನ ಈ ರೇಸುಗಳನ್ನು ಬಿಡದೆ ನೋಡುತ್ತೇನೆ. ರೇಸಿಗೆ ಮುಂಚೆ ಆಡ್ಸ್ ಪಟ್ಟಿ ಬರುತ್ತದೆ, ಅಂದರೆ ಯಾರು ಗೆದ್ದರೆ ಹಾಕಿದ ಒಂದು ರೂಪಾಯಿಗೆ ಎಷ್ಟು ವಾಪಸ್ ಅನ್ನುವ ಬೆಟ್ಟಿಂಗ್ ದರಗಳ ಪಟ್ಟಿ. ಒಬ್ಬನಿಗೆ 2.50, ಇನ್ನೊಬ್ಬನಿಗೆ 15, ಮತ್ತೊಬ್ಬನಿಗೆ 41. ಈ ದರ ಸರಿ ಇದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ನನ್ನ ಸ್ನೇಹಿತ, ‘ಬೆಟ್ಟ ಹತ್ತುವುದರಲ್ಲಿ ನಂಬರ್ ಒನ್ ಯಾರೋ ನೋಡು, ಅವನ ಮೇಲೆ ಎರಡು ಸಾವಿರ ಹಾಕು, ಗ್ಯಾರಂಟಿ’ ಅನ್ನುತ್ತಾನೆ. ಮೊದಲ ಸ್ಟೇಜ್, ಅಂದರೆ ಮೊದಲ ದಿನದ ಓಟ, ಮುಗಿದ ಕೂಡಲೇ ದರ ಧಡಕ್ಕನೆ ಬದಲಾಗುತ್ತದಲ್ಲ, ಅದನ್ನು ನಂಬಬಹುದಾ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ನಮ್ಮ ಕಡೆ ಕ್ರಿಕೆಟ್ ಬಿಟ್ಟು ಬೇರೆ ಆಟದ ಲೆಕ್ಕ ಕೇಳುವವರು ಕಡಿಮೆ. ಸೈಕಲ್ ರೇಸಿನ ಲೆಕ್ಕ ಕೇಳುವವರಂತೂ ಅಪರೂಪ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದವನು. ಸೈಕಲ್ ಹುಚ್ಚು ಅದಕ್ಕಿಂತ ಹಳೆಯದು. ಎರಡೂ ಒಂದೇ ಕಡೆ ಸೇರುವ ಪ್ರಶ್ನೆ ಕೇಳಿದ್ದೀರಿ, ಹಾಗಾಗಿ ಉತ್ತರ ಉದ್ದವಾಗುತ್ತದೆ.

ಮೊದಲು ಆ ಎರಡು ಸಾವಿರದ ವಿಷಯ ಮುಗಿಸಿಬಿಡೋಣ. ಹಾಕಬೇಡಿ. ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯಲ್ಲಿ ನಿಷೇಧಿಸಿದೆ. ಆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2025ರ ಆಗಸ್ಟ್ 22ಕ್ಕೆ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಅಂಥ ಆಟಕ್ಕೆ ಜಾಹೀರಾತು ಕೊಟ್ಟರೂ ಶಿಕ್ಷೆ ಇದೆ. ಈಗಲೂ ಯಾವುದಾದರೂ ಆ್ಯಪ್ ನಿಮ್ಮ ದುಡ್ಡು ತೆಗೆದುಕೊಳ್ಳಲು ತಯಾರಿದೆ ಅಂದರೆ ಅದು ಕಳ್ಳದಾರಿಯಲ್ಲಿ ಬಂದದ್ದು. ಗೆದ್ದ ದುಡ್ಡು ಕೊಡದಿದ್ದರೆ ಯಾರ ಹತ್ತಿರ ಹೋಗಿ ಕೇಳುತ್ತೀರಿ?

ಕಾನೂನು ಒಂದು ಕಡೆ ಇರಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಲೆಕ್ಕದಲ್ಲಿ ಬಹಳ ಚುರುಕು. ಒಂದು ಆ್ಯಪ್‌ನಲ್ಲಿ ಮೊದಲ ವಾರ ಗೆದ್ದ. ಮೂರನೇ ತಿಂಗಳಿಗೆ ಅವರಪ್ಪ ರೇಷ್ಮೆ ಗೂಡು ಮಾರಿ ತಂದಿಟ್ಟಿದ್ದ ದುಡ್ಡು ಪೂರ್ತಿ ಹೋಯಿತು. ನಮ್ಮ ಮನೆಗೆ ಬಂದು ಜಗುಲಿ ಮೇಲೆ ಕೂತವನು ಅರ್ಧ ಗಂಟೆ ಮಾತೇ ಆಡಲಿಲ್ಲ. ಅವತ್ತಿನಿಂದ ಆಡ್ಸ್ ಬಗ್ಗೆ ಯಾರೇ ಕೇಳಿದರೂ ಈ ಮಾತನ್ನು ಮೊದಲು ಹೇಳುತ್ತೇನೆ.

ಹಾಗಂತ ಆಡ್ಸ್ ಓದುವುದನ್ನು ಕಲಿಯಬಾರದು ಅಂತಲ್ಲ. ಮಂಡಿಗೆ ಹೋಗಿ ದರ ಕೇಳಿದವರೆಲ್ಲ ಟೊಮೆಟೊ ಕೊಳ್ಳಲೇಬೇಕು ಅಂತೇನಿಲ್ಲವಲ್ಲ. ಆಡ್ಸ್ ಅಂದರೆ ಒಂದು ರೇಸಿನ ಬಗ್ಗೆ ಬಹಳ ಜನ ಏನು ಅಂದುಕೊಂಡಿದ್ದಾರೆ ಅನ್ನುವ ಅಂದಾಜು, ಒಂದೇ ಅಂಕಿಯಲ್ಲಿ. ಅದನ್ನು ಬಿಡಿಸಿ ಓದಲು ಬಂದರೆ ರೇಸ್ ನೋಡುವ ಕಣ್ಣೇ ಬದಲಾಗುತ್ತದೆ.

ಬಿಡಿಸುವುದು ಸುಲಭ. 100ನ್ನು ದರದಿಂದ ಭಾಗಿಸಿ. ದರ 2.50 ಇದ್ದರೆ 40. ಅಂದರೆ ಈ ಸವಾರ ಗೆಲ್ಲುವ ಸಾಧ್ಯತೆ ಶೇ. 40 ಅಂತ ದರ ಹೇಳುತ್ತಿದೆ. 4.00 ಇದ್ದರೆ ಶೇ. 25. 41 ಇದ್ದರೆ ಶೇ. 2.4. ಇಷ್ಟಕ್ಕೇ ನಿಮ್ಮ ಸ್ನೇಹಿತನ ‘ಗ್ಯಾರಂಟಿ’ ಏನು ಅಂತ ಗೊತ್ತಾಯಿತು. ಐದು ಸಲ ಇಂಥ ರೇಸ್ ನಡೆದರೆ ಮೂರು ಸಲ ಆ ಫೇವರಿಟ್ ಸೋಲುತ್ತಾನೆ. ಇದು ಅವನನ್ನು ಎಲ್ಲರಿಗಿಂತ ಮೇಲಿಟ್ಟವರೇ ಹೇಳುತ್ತಿರುವ ಮಾತು.

ಆ ಶೇ. 40 ಕೂಡ ನಿಜವಾದದ್ದಲ್ಲ. ಒಂದು ಪಟ್ಟಿ ಹೀಗಿದೆ ಅಂದುಕೊಳ್ಳಿ. ಮೊದಲ ಐವರ ದರ 2.50, 4.00, 6.00, 10 ಮತ್ತು 15. ಆಮೇಲೆ ಹತ್ತು ಜನರಿಗೆ ತಲಾ 41. ಎಲ್ಲರ ಶೇಕಡಾ ಲೆಕ್ಕ ಹಾಕಿ ಕೂಡಿಸಿ. 40, 25, 16.7, 10, 6.7, ಕೊನೆಯ ಹತ್ತು ಜನರಿಂದ 24.4. ಒಟ್ಟು ಹತ್ತಿರ ಹತ್ತಿರ 123. ಗೆಲ್ಲುವವನು ಒಬ್ಬನೇ, ಆದ್ದರಿಂದ ಮೊತ್ತ 100 ದಾಟುವ ಹಾಗಿಲ್ಲ. ಜಾಸ್ತಿ ಬಂದ ಆ 23 ಬುಕ್ಕಿಯ ಪಾಲು. ಕೋಲಾರದ ಟೊಮೆಟೊ ಮಂಡಿಯಲ್ಲಿ ಹದಿನೈದು ಕೆ.ಜಿ. ಬಾಕ್ಸಿನ ದರ ಕೂಗುತ್ತಾರಲ್ಲ, ಕೂಗಿದ ದರವಷ್ಟೂ ರೈತನ ಕೈಗೆ ಬರುವುದಿಲ್ಲ. ಕಮಿಷನ್ನು, ಬಾಡಿಗೆ, ಕೂಲಿ ಎಲ್ಲ ಕಳೆದು ಉಳಿದದ್ದು ಕೈಗೆ. ಇಲ್ಲೂ ಹಾಗೇ ಕಳೆಯಬೇಕು. 40ನ್ನು 1.23ರಿಂದ ಭಾಗಿಸಿದರೆ 32.5. ಅಂದರೆ ಆ ಫೇವರಿಟ್ ಮೂರರಲ್ಲಿ ಒಂದು ಸಲ ಗೆದ್ದರೆ ಹೆಚ್ಚು. ಈ ಪಟ್ಟಿಯಲ್ಲಿ ಯಾರ ಮೇಲೆ ಹಾಕಿದರೂ ಸರಾಸರಿಗೆ ನೂರು ರೂಪಾಯಿಗೆ 81 ಮಾತ್ರ ವಾಪಸ್ ಬರುತ್ತದೆ. ಇಬ್ಬರೇ ಎದುರಾಗುವ ಪಂದ್ಯಗಳಲ್ಲಿ ಈ ಪಾಲು ಕಡಿಮೆ ಇರುತ್ತದೆ. ನೂರೈವತ್ತು ಜನ ಓಡುವ ಸೈಕಲ್ ರೇಸಿನಲ್ಲಿ ಜಾಸ್ತಿ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ.

ಈ 23ನ್ನು ಎಲ್ಲರಿಂದಲೂ ಸಮನಾಗಿ ಕಳೆಯುವುದೂ ಪೂರ್ತಿ ಸರಿಯಲ್ಲ. 1949ರಲ್ಲಿ ಗ್ರಿಫಿತ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕುದುರೆ ರೇಸಿನ ದರಗಳನ್ನು ಕೂತು ಲೆಕ್ಕ ಹಾಕಿದರು. ದೊಡ್ಡ ದರದ ಕುದುರೆಗಳು ದರ ಹೇಳುವುದಕ್ಕಿಂತ ಕಡಿಮೆ ಸಲ ಗೆಲ್ಲುತ್ತಿದ್ದವು. ಸಣ್ಣದು ಹಾಕಿ ದೊಡ್ಡದು ಹೊಡೆಯುವ ಆಸೆಗೆ ಜನ ಅಂಥವುಗಳ ಮೇಲೆ ಬೀಳುತ್ತಾರೆ. ಆಮೇಲೆ ಬಹಳ ಆಟಗಳಲ್ಲಿ ಇದೇ ಕಂಡಿದೆ. ಹಾಗಾಗಿ 41 ದರದವನಿಗೆ ಶೇ. 2.4 ಅಂತ ಪಟ್ಟಿ ಹೇಳಿದರೆ, ಶೇ. 1ರಿಂದ 1.5 ಅಂದುಕೊಳ್ಳುವುದು ವಾಸಿ.

ಲೆಕ್ಕದ ಭಾಗ ಇಲ್ಲಿಗೆ ಮುಗಿಯಿತು. ಇದನ್ನು ಯಾವ ರೇಸಿಗಾದರೂ ಹಾಕಬಹುದು. ಜನವರಿ, ಫೆಬ್ರವರಿಯ ರೇಸುಗಳ ಕಷ್ಟವೇ ಬೇರೆ. ನನಗೆ ಇಷ್ಟದ ವಿಷಯವೂ ಅದೇ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಿದ್ದೀರಲ್ಲ? ಹರಾಜು ಕೂಗುವವರು ಗೂಡನ್ನು ಕೈಯಲ್ಲಿ ಹಿಡಿದು, ಅಮುಕಿ, ಅಲ್ಲಾಡಿಸಿ ನೋಡಿ ಆಮೇಲೆ ದರ ಹೇಳುತ್ತಾರೆ. ಹೋದ ವರ್ಷ ಆ ರೈತ ಒಳ್ಳೆಯ ಗೂಡು ತಂದಿದ್ದ ಅಂತ ಈ ಸಲ ಕಣ್ಣು ಮುಚ್ಚಿ ಕೊಳ್ಳುವುದಿಲ್ಲ. ಜನವರಿಯ ಸೈಕಲ್ ರೇಸಿನಲ್ಲಿ ಕೈಯಲ್ಲಿ ಹಿಡಿದು ನೋಡಲು ಗೂಡೇ ಇಲ್ಲ. ರೇಸುಗಳು ಅಕ್ಟೋಬರ್‌ಗೆ ಹೆಚ್ಚುಕಡಿಮೆ ಮುಗಿದಿರುತ್ತವೆ. ನಡುವೆ ಮೂರು ತಿಂಗಳು ಯಾರು ಎಷ್ಟು ತುಳಿದರು, ಯಾರಿಗೆ ಜ್ವರ ಬಂತು, ಯಾರು ಎಷ್ಟು ದಪ್ಪಗಾದರು, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹಾಗಾಗಿ ದರ ಕಟ್ಟುವವರು ಹೋದ ವರ್ಷದ ಹೆಸರು ನೋಡಿ ಕಟ್ಟುತ್ತಾರೆ. ಜುಲೈನ ಟೂರ್ ಡಿ ಫ್ರಾನ್ಸ್‌ನಲ್ಲಿ ಮಿಂಚಿದವನ ದರ ಜನವರಿಯಲ್ಲೂ ಚಿಕ್ಕದಾಗಿರುತ್ತದೆ. ಈಗ ಅವನು ಯಾವ ಸ್ಥಿತಿಯಲ್ಲಿದ್ದಾನೆ ಅನ್ನುವುದು ಅದರಲ್ಲಿ ಬಹಳ ಕಡಿಮೆ.

ಆದ್ದರಿಂದ ನಾನು ಪಟ್ಟಿ ನೋಡುವಾಗ ಪ್ರತಿ ಹೆಸರಿಗೂ ಎರಡು ಪ್ರಶ್ನೆ ಕೇಳುತ್ತೇನೆ. ಇವನು ಇಲ್ಲಿಗೆ ಯಾಕೆ ಬಂದಿದ್ದಾನೆ? ಈ ರೇಸಿನಲ್ಲಿ ಸೆಕೆಂಡುಗಳು ಎಲ್ಲಿಂದ ಬರುತ್ತವೆ? ಎಲ್ಲ ಸ್ಟೇಜ್‌ಗಳ ಒಟ್ಟು ಸಮಯ ಯಾರದು ಕಡಿಮೆಯೋ ಅವನೇ ತಾನೇ ರೇಸ್ ಗೆಲ್ಲುವುದು.

ಮೊದಲನೆಯದು. ಜುಲೈಗೆ ತಯಾರಾಗುವ ದೊಡ್ಡ ಸವಾರ ಜನವರಿಯಲ್ಲಿ ಪೂರ್ತಿ ಏರಿ ನಿಂತಿರುವುದಿಲ್ಲ. ನಿಂತಿದ್ದರೆ ಜುಲೈಗೆ ಇಳಿದಿರುತ್ತಾನೆ. ದೇಹ ಇಡೀ ವರ್ಷ ತುದಿಯಲ್ಲಿ ಇರುವುದಿಲ್ಲ, ನಿಮಗೂ ಗೊತ್ತಲ್ವಾ? ಅಂಥವರು ಬಿಸಿಲಿಗೆ, ಗುಂಪಿನಲ್ಲಿ ತುಳಿಯುವುದಕ್ಕೆ ಮತ್ತೆ ಹೊಂದಿಕೊಳ್ಳಲು ಬರುತ್ತಾರೆ. ಇನ್ನು ಕೆಲವರಿಗೆ ಇದೇ ರೇಸ್ ವರ್ಷದ ದೊಡ್ಡ ಗುರಿ. ಆಸ್ಟ್ರೇಲಿಯಾದವರನ್ನೇ ನೋಡಿ. ಜನವರಿ ಅಂದರೆ ಅವರಿಗೆ ಬೇಸಿಗೆ. ಟೂರ್ ಡೌನ್ ಅಂಡರ್‌ಗೆ ಸ್ವಲ್ಪ ಮುಂಚೆ ಅವರ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುತ್ತದೆ. 2023ರಲ್ಲಿ ಜೇ ವೈನ್ ಆ ಚಾಂಪಿಯನ್‌ಷಿಪ್‌ನ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವುದು) ಗೆದ್ದರು, ಕೆಲವೇ ದಿನಗಳಲ್ಲಿ ಟೂರ್ ಡೌನ್ ಅಂಡರ್ ಕೂಡ ಗೆದ್ದರು. ಎರಡನೆಯವರಾದ ಸೈಮನ್ ಯೇಟ್ಸ್‌ಗಿಂತ 11 ಸೆಕೆಂಡ್ ಮುಂದೆ. ಶಿಡ್ಲಘಟ್ಟದ ಭಾಷೆಯಲ್ಲಿ ಹೇಳುವುದಾದರೆ, ಆ ತಿಂಗಳಲ್ಲಿ ಅಲ್ಲಾಡಿಸಿ ನೋಡಬಹುದಾಗಿದ್ದ ಗೂಡು ಅದೊಂದೇ.

ಯುಎಇ ಟೂರ್ ಫೆಬ್ರವರಿಯಲ್ಲಿ. ಅಲ್ಲಿ ಟೂರ್ ಡಿ ಫ್ರಾನ್ಸ್ ವಿಜೇತ ಪೊಗಾಚಾರ್ 2021, 2022 ಮತ್ತು 2025ರಲ್ಲಿ ಗೆದ್ದರು. ಜುಲೈಗೆ ತಯಾರಾಗುವ ದೊಡ್ಡ ಸವಾರ ವರ್ಷದ ಶುರುವಿನಲ್ಲಿ ಸುಮ್ಮನೆ ಬರುತ್ತಾನೆ ಅಂತ ಈಗಷ್ಟೇ ಹೇಳಿದೆನಲ್ಲ, ಅದಕ್ಕೆ ಇದು ಉಲ್ಟಾ ಇದ್ದ ಹಾಗೆ ಕಾಣುತ್ತದೆ. ಅವರ ತಂಡದ ಹೆಸರಿನಲ್ಲೇ ಯುಎಇ ಇದೆ. ದುಡ್ಡು ಹಾಕುವವರ ಊರಿನ ರೇಸ್ ಅದು. ಅಲ್ಲಿಗೆ ಅವರು ಗೆಲ್ಲಲೇಬೇಕು ಅಂತಲೇ ಬರುತ್ತಾರೆ. ಯಾಕೆ ಬಂದಿದ್ದಾನೆ ಅನ್ನುವ ಪ್ರಶ್ನೆಗೆ ಇಷ್ಟು ಸ್ಪಷ್ಟ ಉತ್ತರ ಸಿಕ್ಕಿದರೆ ಚಿಕ್ಕ ದರ ಸರಿ ಅನ್ನಬಹುದು. ಪೊಗಾಚಾರ್ ಇಲ್ಲದ 2024ರಲ್ಲಿ ಅದೇ ರೇಸನ್ನು ಲೆನರ್ಟ್ ಫಾನ್ ಎಟ್‌ವೆಲ್ಟ್ ಎಂಬ 22 ವರ್ಷದ ಬೆಲ್ಜಿಯಂ ಹುಡುಗ ಕೊನೆಯ ದಿನ ಜೆಬೆಲ್ ಹಫೀತ್ ಏರಿನಲ್ಲಿ ಗೆದ್ದುಕೊಂಡರು.

ಒಂದು ಸಣ್ಣ ಮಾತು ಇಲ್ಲೇ ಸೇರಿಸುತ್ತೇನೆ. ಸವಾರರ ಹೊಸ ಒಪ್ಪಂದಗಳು ಜನವರಿ 1ರಿಂದ ಶುರುವಾಗುತ್ತವೆ. ತಂಡ ಬದಲಿಸಿದವನಿಗೆ ಹೊಸ ಸೈಕಲ್, ಹೊಸ ಜೊತೆಗಾರರು. ಕೊನೆಯಲ್ಲಿ ಜೋರಾಗಿ ಓಡಿ ಗೆಲ್ಲುವ ಸ್ಪ್ರಿಂಟರ್‌ಗಳಿಗೆ ಇದು ದೊಡ್ಡ ತೊಂದರೆ, ಕೊನೆಯ ಕಿಲೋಮೀಟರ್‌ನಲ್ಲಿ ಯಾರ ಹಿಂದೆ ಇರಬೇಕು ಅನ್ನುವುದು ಅಭ್ಯಾಸದಿಂದ ಬರುವುದು. ಬೆಟ್ಟ ಹತ್ತುವವರಿಗೆ ಅಷ್ಟು ತೊಂದರೆ ಇಲ್ಲ. ವೈನ್ ಕೂಡ ಆ ವರ್ಷ ತಂಡ ಬದಲಿಸಿ ಬಂದವರೇ.

ಈಗ ಎರಡನೇ ಪ್ರಶ್ನೆ, ಸೆಕೆಂಡುಗಳದ್ದು. ಬೆಟ್ಟ ಹತ್ತುವ ನಂಬರ್ ಒನ್ ಮೇಲೆ ಹಾಕು ಅಂದ ನಿಮ್ಮ ಸ್ನೇಹಿತ ಎಡವುವುದು ಇಲ್ಲೇ. ಇದಕ್ಕೆ ರಿಚಿ ಪೋರ್ಟ್ ಅವರ ಕತೆಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಟೂರ್ ಡೌನ್ ಅಂಡರ್‌ನ ಪ್ರಸಿದ್ಧ ಏರು ವಿಲುಂಗಾ ಹಿಲ್. ಅಡಿಲೇಡ್ ಊರಿನ ದಕ್ಷಿಣಕ್ಕಿದೆ. ಆಸ್ಟ್ರೇಲಿಯಾದ ಪೋರ್ಟ್ 2014ರಿಂದ 2019ರವರೆಗೆ ಸತತ ಆರು ವರ್ಷ ವಿಲುಂಗಾ ಸ್ಟೇಜ್ ಗೆದ್ದರು. ಆರಕ್ಕೆ ಆರು. ಹಾಗಾದರೆ ಇಡೀ ರೇಸನ್ನೂ ಆರು ಸಲ ಗೆದ್ದಿರಬೇಕು ಅಲ್ವಾ? ಆ ಆರು ವರ್ಷಗಳಲ್ಲಿ ಗೆದ್ದದ್ದು ಒಂದೇ ಸಲ, 2017ರಲ್ಲಿ. ಇನ್ನೊಂದು ಸಲ 2020ರಲ್ಲಿ ಗೆದ್ದರು, ಆ ವರ್ಷ ವಿಲುಂಗಾದಲ್ಲಿ ಅವರು ಎರಡನೆಯವರು!

ಯಾಕೆ ಹೀಗೆ? ವಿಲುಂಗಾ ಏರು ಬರೀ 3 ಕಿಲೋಮೀಟರ್. ನಮ್ಮ ನಂದಿ ಏರಿನ ಅರ್ಧವೂ ಇಲ್ಲ. ನೀವು ನಂದಿ ಹತ್ತುವಾಗ ನೆನಪು ಮಾಡಿಕೊಳ್ಳಿ. ಕೆಳಗಿನ ತಿರುವುಗಳಲ್ಲಿ ಎಲ್ಲರೂ ಒಟ್ಟಿಗೇ ಇರುತ್ತೀರಿ. ಅರ್ಧ ದಾರಿ ದಾಟಿದ ಮೇಲೆ ಒಬ್ಬೊಬ್ಬರೇ ಹಿಂದೆ ಬೀಳುತ್ತಾರೆ. ಅಂತರ ಬೆಳೆಯುವುದು ಮೇಲಿನ ತಿರುವುಗಳಲ್ಲಿ. 3 ಕಿಲೋಮೀಟರ್‌ಗೇ ಏರು ಮುಗಿದುಬಿಟ್ಟರೆ, ಎಂಥ ಗಟ್ಟಿಗನೂ ಸಾಮಾನ್ಯವಾಗಿ ಉಳಿದವರಿಗಿಂತ ಎಂಟೋ ಹತ್ತೋ ಸೆಕೆಂಡ್ ಮುಂದೆ ಹೋಗಬಹುದು, ಅಷ್ಟೇ. ಆದರೆ ಆ ರೇಸಿನಲ್ಲಿ ಪ್ರತಿ ಸ್ಟೇಜ್ ಕೊನೆಗೆ ಮೊದಲ ಮೂವರಿಗೆ 10, 6, 4 ಸೆಕೆಂಡ್ ಬೋನಸ್ ಇದೆ, ಅಷ್ಟನ್ನು ಅವರ ಒಟ್ಟು ಸಮಯದಿಂದ ಕಳೆಯುತ್ತಾರೆ. ದಾರಿ ಮಧ್ಯದ ಸ್ಪ್ರಿಂಟ್‌ಗಳಲ್ಲಿ 3, 2, 1. ಚೂಪಾಗಿ ಓಡಿ ಮುಗಿಸುವ ಸವಾರ ನಾಲ್ಕು ಸ್ಟೇಜ್‌ಗಳಲ್ಲಿ ಅಷ್ಟಷ್ಟು ಹೆಕ್ಕಿಕೊಂಡರೆ, ಪೋರ್ಟ್ ಒಂದೇ ಬೆಟ್ಟದಲ್ಲಿ ಗಳಿಸಿದ್ದು ಸರಿಹೋಗುತ್ತದೆ.

ಸುಮ್ನೆ ಹೇಳುತ್ತಿಲ್ಲ, ಫಲಿತಾಂಶ ನೋಡಿ. 2014ರಲ್ಲಿ ಸೈಮನ್ ಗೆರನ್ಸ್ ಗೆದ್ದರು. ಟೂರ್ ಡಿ ಫ್ರಾನ್ಸ್ ಗೆದ್ದಿದ್ದ ಕ್ಯಾಡೆಲ್ ಇವಾನ್ಸ್ ಅವರಿಗಿಂತ ಬರೀ 1 ಸೆಕೆಂಡ್ ಮುಂದೆ. 2015ರಲ್ಲಿ ರೋಹನ್ ಡೆನ್ನಿಸ್ ಗೆದ್ದದ್ದು ಪೋರ್ಟ್‌ಗಿಂತ 2 ಸೆಕೆಂಡ್ ಅಂತರದಲ್ಲಿ. 2018ರಲ್ಲಿ ಡ್ಯಾರಿಲ್ ಇಂಪಿ ಮತ್ತು ಪೋರ್ಟ್ ಇಬ್ಬರದ್ದೂ ಒಟ್ಟು ಸಮಯ ಸರಿಸಮ! ಆಗ ಎಲ್ಲ ಸ್ಟೇಜ್‌ಗಳಲ್ಲಿ ಇಬ್ಬರೂ ಎಷ್ಟನೆಯವರಾಗಿ ಬಂದರು ಅಂತ ಕೂಡಿ ನೋಡಿ ಇಂಪಿಗೆ ಕೊಟ್ಟರು. ಇಂಪಿ ಆ ವರ್ಷ ಒಂದು ಸ್ಟೇಜನ್ನೂ ಗೆದ್ದಿರಲಿಲ್ಲ. ವಿಲುಂಗಾದಲ್ಲಿ ಪೋರ್ಟ್ ಹಿಂದೆ ಎರಡನೆಯವರಾಗಿ ಬಂದಿದ್ದರು. 2012ರಲ್ಲೂ ಗೆರನ್ಸ್ ಮತ್ತು ವಾಲ್ವೆರ್ದೆ ಹೀಗೇ ಸಮ ಬಂದು, ಗೆರನ್ಸ್ ಗೆದ್ದಿದ್ದರು. ವಿಲುಂಗಾ ಗೆದ್ದವರು ವಾಲ್ವೆರ್ದೆ. ಇತ್ತೀಚೆಗೆ 2025ರಲ್ಲಿ ಗೆದ್ದ ನಾರ್ವಾಯೆಸ್ ಕೂಡ ಏರನ್ನೂ ತಾಳಿಕೊಂಡು ಕೊನೆಯ ಓಟವನ್ನೂ ಓಡಬಲ್ಲವರು. 2024ರಲ್ಲಿ ಅವರು ಎರಡನೆಯವರಾಗಿದ್ದರು.

ಹಾಗಾಗಿ ಆ ರೇಸಿನ ಪಟ್ಟಿಯಲ್ಲಿ ಬರೀ ಬೆಟ್ಟ ಹತ್ತುವವನಿಗೆ 2.50, ಏರನ್ನೂ ತಾಳಿಕೊಂಡು ಸ್ಪ್ರಿಂಟೂ ಹೊಡೆಯುವವನಿಗೆ 10 ಅಂತ ಕಂಡರೆ, ಮೊದಲನೆಯದು ಹೆಸರಿಗೆ ಕಟ್ಟಿದ ದರ ಅಂತ ನನಗೆ ಅನುಮಾನ ಬರುತ್ತದೆ. ಯುಎಇ ಟೂರ್‌ನಲ್ಲಿ ಇದೇ ಮಾತು ಹೇಳಲಾರೆ. ಜೆಬೆಲ್ ಹಫೀತ್ ಹತ್ತಿರ ಹತ್ತಿರ 11 ಕಿಲೋಮೀಟರ್. ಅಲ್ಲಿ ಗಟ್ಟಿ ಕ್ಲೈಂಬರ್‌ಗೆ ಅಂತರ ಬೆಳೆಸಲು ಜಾಗ ಇದೆ. ನಡುವೆ ಒಂದು ಟೈಮ್ ಟ್ರಯಲ್ ಇಟ್ಟ ವರ್ಷ ಲೆಕ್ಕ ಮತ್ತೆ ತಿರುಗುತ್ತದೆ. ಒಂಟಿಯಾಗಿ ಗಡಿಯಾರದ ವಿರುದ್ಧ ಓಡುವಾಗ ಹದಿನೈದು ಕಿಲೋಮೀಟರ್ ಸಾಕು, ಅರ್ಧ ನಿಮಿಷ ಹೋಗಲು. ವಿಲುಂಗಾದಂಥ ಮೂರು ಬೆಟ್ಟ ಗೆದ್ದರೂ ಅಷ್ಟು ವಾಪಸ್ ಬರುವುದು ಕಷ್ಟ.

ಒಂದು ಹಾಳೆ ತೆಗೆದುಕೊಂಡು ಸ್ಟೇಜ್‌ಗಳನ್ನು ಸಾಲಾಗಿ ಬರೆಯಿರಿ. ಪ್ರತಿಯೊಂದರ ಎದುರು, ಮೊದಲ ಹತ್ತು ಜನರ ನಡುವೆ ಇಲ್ಲಿ ಎಷ್ಟು ಸೆಕೆಂಡ್ ಅಂತರ ಬರಬಹುದು ಅಂತ ಅಂದಾಜು ಹಾಕಿ. ಸಪಾಟು ಸ್ಟೇಜ್‌ಗೆ ಬರೀ ಬೋನಸ್. ಸಣ್ಣ ಏರಿಗೆ ಹತ್ತು. ದೊಡ್ಡ ಏರಿಗೆ ಅರ್ಧ ನಿಮಿಷ, ಒಂದು ನಿಮಿಷ. ಟೈಮ್ ಟ್ರಯಲ್ ಉದ್ದ ನೋಡಿ ಬರೆಯಿರಿ. ಯಾವ ಅಂಕಿ ದೊಡ್ಡದೋ ಆ ಸ್ಟೇಜೇ ರೇಸನ್ನು ತೀರ್ಮಾನಿಸುತ್ತದೆ. ಹತ್ತು ನಿಮಿಷದ ಕೆಲಸ ಇದು. ಪಟ್ಟಿಯ ದರಕ್ಕಿಂತ ಮುಂಚೆ ಇದನ್ನು ಮಾಡಿ. ದರ ಮೊದಲು ನೋಡಿದರೆ ಮನಸ್ಸು ಅದರ ಹಿಂದೆಯೇ ಹೋಗುತ್ತದೆ.

ಆಮೇಲೆ ನೂರು ಕಡಲೆಬೀಜ ತೆಗೆದುಕೊಳ್ಳಿ. ನಿಜವಾಗಿಯೂ ತೆಗೆದುಕೊಳ್ಳಿ, ನಾನು ತರಗತಿಯಲ್ಲಿ ಹೀಗೇ ಮಾಡಿಸುತ್ತಿದ್ದೆ. ಮೊದಲು ಸವಾರರಿಗೆ ಹಂಚಬೇಡಿ, ಬಗೆಗಳಿಗೆ ಹಂಚಿ. ಈ ರೇಸ್ ಕ್ಲೈಂಬರ್‌ದೋ, ಏರಿನಲ್ಲೂ ಓಡುವ ಸ್ಪ್ರಿಂಟರ್‌ದೋ, ಟೈಮ್ ಟ್ರಯಲ್ ಓಡುವವನದೋ? 30, 50, 15 ಅಂತ ಗುಡ್ಡೆ ಹಾಕಿದಿರಿ ಅನ್ನಿ. 5 ಕಾಳು ಯಾರೂ ಊಹಿಸದವನಿಗೆ ಪಕ್ಕಕ್ಕಿಡಿ. ಆ ಐದನ್ನು ಯಾವತ್ತೂ ಮರೆಯಬೇಡಿ. ಆಮೇಲೆ ಪ್ರತಿ ಗುಡ್ಡೆಯನ್ನು ಆ ಬಗೆಯ ಸವಾರರಿಗೆ ಹಂಚಿ. ಬೆಟ್ಟ ಹತ್ತುವ ನಂಬರ್ ಒನ್‌ಗೆ ಆ ಮೂವತ್ತರಲ್ಲಿ ಅರ್ಧ ಕೊಟ್ಟರೂ ಹದಿನೈದೇ ಬಂತು. ನೂರನ್ನು ಹದಿನೈದರಿಂದ ಭಾಗಿಸಿದರೆ 6.67. ಅಂದರೆ ನಿಮ್ಮ ಲೆಕ್ಕದಲ್ಲಿ ಅವನ ನ್ಯಾಯವಾದ ದರ 6.67. ಪಟ್ಟಿಯಲ್ಲಿ 2.50 ಇದೆ. ಈಗ ನಿಮಗೂ ಪಟ್ಟಿಗೂ ಜಗಳ ಬಂತು. ಆಗ ಮೊದಲು ನಿಮ್ಮನ್ನೇ ಅನುಮಾನಿಸಿ. ನಿಮಗೆ ಗೊತ್ತಿಲ್ಲದ ಏನೋ ಒಂದು ಅವರಿಗೆ ಗೊತ್ತಿರಬಹುದು. ಸ್ಟೇಜ್ ನಕ್ಷೆ ಮತ್ತೊಮ್ಮೆ ನೋಡಿ, ತಂಡದಲ್ಲಿ ಯಾರು ಯಾರಿಗೆ ದುಡಿಯುತ್ತಾರೆ ನೋಡಿ. ಏಳು ಜನರ ತಂಡದಲ್ಲಿ ಒಬ್ಬನಿಗಾಗಿ ಆರು ಜನ ತುಳಿಯುತ್ತಾರೆ. ಆ ಒಬ್ಬ ಯಾರು ಅನ್ನುವುದು ಬದಲಾದರೆ ದರವೂ ಬದಲಾಗುತ್ತದೆ. ಇಷ್ಟೆಲ್ಲ ನೋಡಿದ ಮೇಲೂ ಜಗಳ ಉಳಿದರೆ, ನಿಮ್ಮ ಅಂಕಿ ಇಟ್ಟುಕೊಳ್ಳಿ.

ಆ ಐದು ಕಾಳು ಯಾಕೆ ಅಂದೆನಲ್ಲ. ವರ್ಷದ ಶುರುವಿನಲ್ಲಿ ಹವೆಯ ಕಾಟ ಜಾಸ್ತಿ. 2018ರಲ್ಲಿ ಅಡಿಲೇಡ್‌ನ ಬಿಸಿಲಿಗೆ ಒಂದು ಸ್ಟೇಜನ್ನು ಮೊಟಕು ಮಾಡಿದರು. ಮಾರ್ಚ್‌ನ ಪ್ಯಾರಿಸ್–ನೀಸ್‌ನಲ್ಲಿ 2023ರಲ್ಲಿ ಗಾಳಿಗೆ ಒಂದು ಸ್ಟೇಜೇ ರದ್ದಾಯಿತು. 2024ರಲ್ಲಿ ಹಿಮ ಬಿದ್ದು ಬೆಟ್ಟದ ಸ್ಟೇಜಿನ ದಾರಿ ಬದಲಾಯಿತು. ಬೆಟ್ಟ ನಂಬಿಕೊಂಡು ಬಂದವನಿಗೆ ಬೆಟ್ಟವೇ ಇಲ್ಲ ಅಂದರೆ ಏನು ಮಾಡುತ್ತಾನೆ? ಆ ರೇಸಿನಲ್ಲಿ ಅಂತರಗಳೂ ಕೂದಲೆಳೆ. 2016ರಲ್ಲಿ ಗೆರೈಂಟ್ ಥಾಮಸ್ 4 ಸೆಕೆಂಡಿನಿಂದ, 2017ರಲ್ಲಿ ಸೆರ್ಹಿಯೊ ಎನಾವೊ 2 ಸೆಕೆಂಡಿನಿಂದ ಗೆದ್ದರು, ಎರಡೂ ಸಲ ಸೋತವರು ಕೊಂತಾದೋರ್. 2018ರಲ್ಲಿ ಮಾರ್ಕ್ ಸೊಲೆರ್ ಗೆದ್ದದ್ದು ಮತ್ತೆ 4 ಸೆಕೆಂಡಿನಿಂದ. ಬೀಳುವುದಂತೂ ಇದ್ದೇ ಇದೆ. 2025ರಲ್ಲಿ ವಿಂಗೆಗೋ ಬಿದ್ದು ಕೈ ನೋವಾಗಿ ರೇಸ್ ಬಿಟ್ಟರು. ಗೆದ್ದವರು ಅವರದೇ ತಂಡದ ಜೋರ್ಗೆನ್ಸನ್. ದೊಡ್ಡ ಹೆಸರಿನ ಪಕ್ಕದಲ್ಲೇ ಅದೇ ತಂಡದ ಇನ್ನೊಬ್ಬ ಗಟ್ಟಿಗ ಇದ್ದರೆ ಅವನಿಗೂ ಕಾಳು ಹಾಕಬೇಕು ಅನ್ನುವುದನ್ನು ನಾನು ಕಲಿತದ್ದು ಇಂಥವುಗಳಿಂದಲೇ.

ಇನ್ನು ಕೊನೆಯ ಪ್ರಶ್ನೆ. ಮೊದಲ ಸ್ಟೇಜ್ ಆದ ಮೇಲೆ ಬದಲಾಗುವ ದರ ನಂಬಬಹುದಾ?

ಏನಾಯಿತು ಅನ್ನುವುದರ ಮೇಲೆ ಹೋಗುತ್ತದೆ. ಸ್ಪ್ರಿಂಟರ್ ಒಬ್ಬ ಗೆದ್ದು ಹತ್ತು ಸೆಕೆಂಡ್ ಬೋನಸ್ ತೆಗೆದುಕೊಂಡು ಮುಂಚೂಣಿಯ ಜೆರ್ಸಿ ಹಾಕಿಕೊಂಡ. ಟಿವಿಯಲ್ಲಿ ಅವನದೇ ಮುಖ, ಅವನ ದರ ಇಳಿಯಿತು. ಮುಂದೆ ದೊಡ್ಡ ಏರಿದ್ದರೆ ಇದು ಬರೀ ಸದ್ದು. ಅದೇ ದಿನ ದಾರಿ ಮಧ್ಯದ ಸ್ಪ್ರಿಂಟ್‌ನಲ್ಲಿ, ಇಡೀ ರೇಸ್ ಗೆಲ್ಲಲು ಬಂದವನೊಬ್ಬ ಮೈಮುರಿದು 3 ಸೆಕೆಂಡ್ ಕಿತ್ತುಕೊಂಡ ಅನ್ನಿ. ಟಿವಿಯಲ್ಲಿ ಅದು ಕಾಣುವುದೂ ಇಲ್ಲ. ನನಗೆ ಅದು ದೊಡ್ಡ ಸುದ್ದಿ. ಅವನು ಯಾಕೆ ಬಂದಿದ್ದಾನೆ ಅನ್ನುವುದಕ್ಕೆ ಅವನೇ ಕೊಟ್ಟ ಉತ್ತರ ಅದು.

ಅಡ್ಡಗಾಳಿ ಬೀಸಿದ ದಿನ ಬೇರೆ. ಬಾಗೇಪಲ್ಲಿ ಕಡೆ ಹೈವೇಯಲ್ಲಿ ಮರವಿಲ್ಲದ ಬಯಲಿನಲ್ಲಿ ತುಳಿದಿದ್ದರೆ ನಿಮಗೆ ಗೊತ್ತಿರುತ್ತದೆ. ಗಾಳಿ ಪಕ್ಕದಿಂದ ಬಂದರೆ ಮುಂದಿನವನ ಹಿಂದೆ ಅಡಗಿ ಪ್ರಯೋಜನವಿಲ್ಲ, ಓರೆಯಾಗಿ ಪಕ್ಕಕ್ಕೆ ನಿಲ್ಲಬೇಕು. ರಸ್ತೆಯ ಅಗಲ ಎಷ್ಟೋ ಅಷ್ಟೇ ಜನಕ್ಕೆ ಜಾಗ. ಉಳಿದವರ ಸಾಲು ಹರಿದುಹೋಗುತ್ತದೆ. 2021ರ ಯುಎಇ ಟೂರ್‌ನ ಮೊದಲ ದಿನ ಹೀಗೇ ಆಯಿತು. ಸ್ಟೇಜ್ ಗೆದ್ದವರು ಮಥ್ಯು ಫಾನ್ ಡರ್ ಪೂಲ್. ಪೊಗಾಚಾರ್ ಮುಂದಿನ ಗುಂಪಿನಲ್ಲಿದ್ದರು. ಹಿಂದೆ ಬಿದ್ದವರು ಕಳೆದುಕೊಂಡ ಸಮಯವನ್ನು ಯಾವ ಸಣ್ಣ ಏರೂ ವಾಪಸ್ ಕೊಡುವುದಿಲ್ಲ. ಇಂಥ ದಿನದ ದರ ಬದಲಾವಣೆಯನ್ನು ನಂಬಬಹುದು. ಕೊನೆಗೆ ಪೊಗಾಚಾರ್ ಅವರೇ ಗೆದ್ದರು. ಫಾನ್ ಡರ್ ಪೂಲ್ ಮಾತ್ರ ಜೆರ್ಸಿ ಹಾಕಿಕೊಂಡವರು ಮರುದಿನ ಹೊರಡಲೇ ಇಲ್ಲ. ತಂಡದ ಸಿಬ್ಬಂದಿಯೊಬ್ಬರಿಗೆ ಕೋವಿಡ್ ಬಂದು ಇಡೀ ತಂಡವೇ ವಾಪಸ್ ಹೋಯಿತು.

ಸಾಮಾನ್ಯ ದಿನಗಳಲ್ಲಿ ಕಾಳುಗಳನ್ನು ಸ್ವಲ್ಪ ಸ್ವಲ್ಪವೇ ಸರಿಸಿ. ಒಬ್ಬನಿಗೆ 20 ಇದ್ದರೆ 26 ಮಾಡಿ, 60 ಮಾಡಬೇಡಿ. ಒಂದು ದಿನದ ಓಟ ಒಂದು ದಿನದ್ದೇ.

ನಿಮ್ಮ ಅಂದಾಜು ಚೆನ್ನಾಗಿದೆಯೋ ಇಲ್ಲವೋ ಅಂತ ನೋಡುವುದಕ್ಕೂ ದುಡ್ಡು ಬೇಡ. 1950ರಲ್ಲಿ ಬ್ರಯರ್ ಎಂಬ ಹವಾಮಾನ ತಜ್ಞರು ಮಳೆ ಮುನ್ಸೂಚನೆ ಅಳೆಯಲು ಒಂದು ಲೆಕ್ಕ ಹಾಕಿದರು. ಅದನ್ನೇ ಇಲ್ಲೂ ಬಳಸಬಹುದು. ಒಬ್ಬ ಗೆಲ್ಲುತ್ತಾನೆ ಅಂತ 0.70 ಅಂದಿರಿ, ಗೆದ್ದ. 1ರಿಂದ 0.70 ಕಳೆದರೆ 0.30. ಅದರ ವರ್ಗ 0.09, ಅದೇ ನಿಮ್ಮ ತಪ್ಪಿನ ಅಂಕ. ಸೋತರೆ 0.70ರ ವರ್ಗ 0.49. ಎಲ್ಲದಕ್ಕೂ ಸುಮ್ಮನೆ 0.50 ಅಂದುಕೊಂಡು ಕೂತರೆ 0.25 ಬರುತ್ತದೆ. ಕಡಿಮೆ ಬಂದಷ್ಟೂ ಒಳ್ಳೆಯದು. ಒಂದು ರೇಸಿನಿಂದ ಏನೂ ತಿಳಿಯುವುದಿಲ್ಲ. ನಲವತ್ತು, ಐವತ್ತು ಅಂದಾಜು ಆದ ಮೇಲೆ ನಿಮ್ಮ ಸರಾಸರಿಯನ್ನು ಪಟ್ಟಿಯ ಸರಾಸರಿ ಪಕ್ಕದಲ್ಲಿಟ್ಟು ನೋಡಿ. ಬುಕ್ಕಿಯ ಪಾಲು ಕಳೆದ ಮೇಲಿನ ಪಟ್ಟಿ, ಅದು ನೆನಪಿರಲಿ.

ನನ್ನ ನೋಟ್‌ಬುಕ್‌ನ ಒಂದು ಪುಟ ಹೇಳುತ್ತೇನೆ. 2021ರ ಪ್ಯಾರಿಸ್–ನೀಸ್, ಕೊನೆಯ ದಿನದ ಬೆಳಗ್ಗೆ. ರೋಗ್ಲಿಚ್ ಮೂರು ಸ್ಟೇಜ್ ಗೆದ್ದು 52 ಸೆಕೆಂಡ್ ಮುಂದಿದ್ದರು. ಉಳಿದದ್ದು ಒಂದೇ ಸ್ಟೇಜ್. ನಾನು ಅವರಿಗೆ 95 ಕಾಳು ಹಾಕಿದೆ, ಎರಡನೆಯವರಾಗಿದ್ದ ಷಾಕ್‌ಮನ್‌ಗೆ 3. ಆ ದಿನ ರೋಗ್ಲಿಚ್ ಎರಡು ಸಲ ಬಿದ್ದರು. ಒಟ್ಟು ಪಟ್ಟಿಯಲ್ಲಿ ಹದಿನೈದನೆಯವರಾದರು, ಷಾಕ್‌ಮನ್ ಗೆದ್ದರು. 0.95ರ ವರ್ಗ 0.90. ಅಷ್ಟು ದೊಡ್ಡ ತಪ್ಪಿನ ಅಂಕ ಆ ನೋಟ್‌ಬುಕ್‌ನಲ್ಲಿ ಮತ್ತೊಂದಿಲ್ಲ. ಬಹಳ ದಿನ ಯೋಚಿಸಿ ನೋಡಿದ್ದೇನೆ. ಈಗ ಮತ್ತೆ ಅಂಥದ್ದೇ ಬೆಳಗ್ಗೆ ಬಂದರೆ 90 ಹಾಕುತ್ತೇನೆ, 95 ಹಾಕುವುದಿಲ್ಲ.

ಮುಂದಿನ ಜನವರಿಗೆ ನಿಮ್ಮ ನೂರು ಕಾಳು ಹಂಚಿ, ರೇಸ್ ಶುರುವಾಗುವ ಹಿಂದಿನ ದಿನವೇ ನನಗೆ ಬರೆದು ಕಳಿಸಿ. ನಿಮ್ಮ ಸ್ನೇಹಿತನಿಂದಲೂ ಬರೆಸಿ. ನನ್ನದನ್ನೂ ಅದೇ ದಿನ ನಿಮಗೆ ಕಳಿಸುತ್ತೇನೆ.